ಅರೆಬಾಟ್ಸೆನ್ ಕಾಣಿಕೆ ಮತ್ತು ಮಿಶನ್ ವರದಿಗಳು: ಒಂದು ವಿಮರ್ಶೆ

೧

ಹೊಸಗನ್ನಡದ ಉದಯವನ್ನು ಕುರಿತು ಬರೆದ ವಿದ್ವಾಂಸರು ಬಾಸೆಲ್ ಮಿಶನ್ನಿನ ಸೇವೆಯನ್ನು ಸ್ಮರಿಸದೆ ಮುಂದುವರಿದುದು ಅಪರೂಪ. ೧೮೪೩ನೆಯ ಇಸವಿ ಜುಲೈ ೧ರಂದು ಹರ್ಮನ್ ಮೋಗ್ಲಿಂಗರು ಹೊರಡಿಸಿದ ‘ಮಂಗಳೂರ ಸಮಾಚಾರ’, ೧೮೫೦ರಲ್ಲಿ ಅಚ್ಚಾದ ‘ದಾಸರ ಪದಗಳು’, ಫರ್ಡಿನಾಂಡ್ ಕಿಟ್ಟೆಲರು ೧೮೭೨ರಲ್ಲಿ ಸಂಪಾದಿಸಿದ ‘ಶಬ್ದಮಣಿದರ್ಪಣ’, ೧೮೭೫ರ ‘ಛಂದೋಂಬುಧಿ’, ೧೮೯೪ರ ಕನ್ನಡ-ಇಂಗ್ಲಿಷ್ ನಿಘಂಟು, ಇವುಗಳ ಪಟ್ಟಿಯು ನಮ್ಮ ವಿದ್ಯಾರ್ಥಿಗಳಿಗೆಲ್ಲ ಪರಿಚಿತವಾದುದೇ. ಆದರೆ ಇದೇ ಮಹನೀಯರು, ಇದೇ ಮೇಜಿನ ಮೇಲೆ, ಇದೇ ಲೇಖನಿಯಿಂದ ಮತ್ತೊಂದು ಬಗೆಯ ಬರಹವನ್ನೂ ಎಡೆಬಿಡದೆ ಬರೆಯುತ್ತಿದ್ದರು. ಅದು ಕನ್ನಡದಲ್ಲಿರಲಿಲ್ಲ, ಬಹುಮಟ್ಟಿಗೆ ಜರ್ಮನ್ ಭಾಷೆಯಲ್ಲಿತ್ತು, ಅಲ್ಪಸ್ವಲ್ಪ ಇಂಗ್ಲಿಷಿನಲ್ಲಿತ್ತು. ಅದೇ ಮಿಶನ್ ವರದಿ.

ಈ ವರದಿಗಳನ್ನು ಇತಿಹಾಸಕಾರರು ಸಂಗತಿಗಳ ಗಣಿಯೆಂದು ಅಗೆದಿದ್ದಾರೆ. ಧರ್ಮಾಭಿಮಾನಿಗಳು ಅದರ ಪುಟಗಳಿಂದ ಸ್ತುತಿಗೋ ನಿಂದೆಗೋ ಬೇಕಾದುದನ್ನು ಆಯ್ದುಕೊಂಡಿದ್ದಾರೆ. ಬರಹದ ಒಂದು ಪ್ರಕಾರವೆಂದು ಭಾವಿಸಿ, ಅದರ ರೂಪವು ಏಕೆ ಹಾಗಾಯಿತು, ಅದರ ಗುಣದೋಷಗಳೇನು ಎಂದು ವಿಮರ್ಶೆಯ ದೃಷ್ಟಿಯಿಂದ ಕೇಳಿದವರು ವಿರಳ. ಈ ಲೇಖನದಲ್ಲಿ ನಾವು ಮಾಡಲು ಹೊರಟಿರುವುದು ಅಷ್ಟೇ. ನಮ್ಮ ವಾದವನ್ನು ಮೊದಲೇ ಹೇಳಿಬಿಡುತ್ತೇವೆ: ಮಿಶನ್ ವರದಿಯ ರೂಪವನ್ನು ನಿರ್ಣಯಿಸಿದ್ದು ಬರೆದವರ ಶೀಲವಲ್ಲ, ಅವರು ಕಂಡ ನಾಡೂ ಅಲ್ಲ, ಹಣ ಕೊಟ್ಟ ಓದುಗನು. ಇದನ್ನು ಮನಗಾಣದೆ ವರದಿಯನ್ನು ನಂಬುವುದೂ ತಪ್ಪು, ತಳ್ಳಿಹಾಕುವುದೂ ತಪ್ಪು.

೨

ಮೊದಲು ಹಣದ ವಿಚಾರ. ಬಾಸೆಲ್ ಮಿಶನ್ ೧೮೧೫ರಲ್ಲಿ ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದಲ್ಲಿ ಸ್ಥಾಪಿತವಾಯಿತು. ಅದರ ಆಡಳಿತ ಸಮಿತಿಯಲ್ಲಿ ಆ ನಗರದ ಶ್ರೀಮಂತ ವರ್ತಕ ಮನೆತನಗಳವರೂ ಪಾದ್ರಿಗಳೂ ಇದ್ದರು. ಆದರೆ ಮಿಶನರಿಗಳಾಗಿ ಹೊರಟವರಲ್ಲಿ ಬಹುಮಂದಿ ನೆರೆಯ ವ್ಯುರ್ಟೆಂಬೆರ್ಗ್ ಸೀಮೆಯ ಹಳ್ಳಿಗಳ ರೈತರ, ಕುಶಲಕರ್ಮಿಗಳ ಮಕ್ಕಳು. ೧೮೨೮ರಿಂದ ಆಫ್ರಿಕದ ಗೋಲ್ಡ್‌ಕೋಸ್ಟಿನಲ್ಲಿ, ೧೮೩೪ರಿಂದ ಮಂಗಳೂರಿನಲ್ಲಿ, ೧೮೪೭ರಿಂದ ದಕ್ಷಿಣ ಚೀನದಲ್ಲಿ ಅದರ ಕೆಲಸ ನಡೆಯಿತು. ಇಷ್ಟು ದೂರ ಹಬ್ಬಿದ ಕಾರ್ಯಕ್ಕೆ ಶ್ರೀಮಂತರ ದೊಡ್ಡ ದಾನಗಳು ಸಾಲಲಿಲ್ಲ.

೧೮೫೫ರಲ್ಲಿ ಕಾರ್ಲ್ ಸಾರಾಸಿನ್ ಎಂಬ ಬಾಸೆಲಿನ ರೇಷ್ಮೆಪಟ್ಟಿಯ ಕಾರ್ಖಾನೆದಾರರು ಒಂದು ಹೊಸ ಏರ್ಪಾಡನ್ನು ಆರಂಭಿಸಿದರು. ಮಿಶನ್ನಿನ ಪ್ರತಿಯೊಬ್ಬ ಹಿತೈಷಿಯೂ ವಾರಕ್ಕೆ ಅರೆ ಬಾಟ್ಸೆನ್, ಎಂದರೆ ಐದು ರಾಪೆನ್, ಕೊಡತಕ್ಕದ್ದು. ಬಾಟ್ಸೆನ್ ಎಂಬುದು ಸ್ವಿಸ್ ಜನರ ಹಳೆಯ ನಾಣ್ಯ. ೧೮೫೦ರ ನಾಣ್ಯಶಾಸನದಿಂದ ಅದು ಚಲಾವಣೆಯಿಂದ ಹೋಗಿ ಫ್ರಾಂಕ್ ಬಂದಿತ್ತು. ಆದರೆ ನಮ್ಮಲ್ಲಿ ‘ಕಾಸು’, ‘ದುಡ್ಡು’ ಎಂಬ ಮಾತುಗಳು ನಾಣ್ಯ ಹೋದಮೇಲೂ ಉಳಿದುಕೊಂಡಂತೆ ಜನರ ಬಾಯಿಯಲ್ಲಿ ಉಳಿದಿತ್ತು. ವರ್ಷಕ್ಕೆ ಲೆಕ್ಕ ಹಾಕಿದರೆ ಒಬ್ಬರಿಂದ ೨ ಫ್ರಾಂಕ್ ೬೦ ರಾಪೆನ್. ಬಡವನಿಗೂ ಭಾರವಲ್ಲದ ಮೊತ್ತ. ಸಾವಿರಾರು ಮಂದಿ ಕೊಟ್ಟಾಗ ಸಂಸ್ಥೆಯನ್ನು ನಿಲ್ಲಿಸಬಲ್ಲ ಮೊತ್ತ.

ಈ ಏರ್ಪಾಡಿನ ಗುಟ್ಟು ಮೊತ್ತದಲ್ಲಿರಲಿಲ್ಲ, ವಾರದ ಲೆಕ್ಕದಲ್ಲಿತ್ತು. ದೊಡ್ಡ ದಾನಿಯು ಒಮ್ಮೆ ಕೊಟ್ಟು ಮರೆಯಬಹುದು. ವಾರವಾರವೂ ಕೊಡುವವನು ಮರೆಯಲಾರ. ಅವನು ಮರೆಯದಂತೆ ನೋಡಿಕೊಳ್ಳಬೇಕಾಗುತ್ತದೆ. ಕಾಣಿಕೆ ಎತ್ತುವವರು ಪರಿಚಿತರಾದ ನೆರೆಹೊರೆಯವರೇ. ಅವರು ಸಣ್ಣ ಸಣ್ಣ ಗುಂಪುಗಳ ಮನೆಬಾಗಿಲಿಗೆ ಹೋಗುವಾಗ ಮಿಶನ್ನಿನ ಸುದ್ದಿಯ ಹಾಳೆಯೂ ಜೊತೆಗೆ ಹೋಗುತ್ತಿತ್ತು. ಹೆಂಗಸರ ಸಂಘಗಳು ಹೊಲಿಗೆ ಕಸೂತಿಗಳನ್ನು ಮಾಡಿ ನೆರವಾಗುತ್ತಿದ್ದವು. ಪರದೇಶದ ಹೆಣ್ಣುಮಕ್ಕಳ ವಿದ್ಯಾಭ್ಯಾಸಕ್ಕಾಗಿ ೧೮೪೧ರಷ್ಟು ಮೊದಲೇ ಬಾಸೆಲಿನಲ್ಲಿ ಒಂದು ಮಹಿಳಾ ಸಮಿತಿ ಏರ್ಪಟ್ಟಿತ್ತು. ಪ್ರತಿವರ್ಷದ ಮಿಶನ್ ಉತ್ಸವದಲ್ಲಿ ಊರೂರುಗಳಿಂದ ಬಂದು ನೆರೆದ ಜನರು ದೂರದೇಶದಿಂದ ಮರಳಿದ ಮಿಶನರಿಗಳ ಮಾತನ್ನು ಅವರ ಬಾಯಿಂದಲೇ ಕೇಳುತ್ತಿದ್ದರು. ಹೀಗೆ ಕಾಣಿಕೆಯೂ ಕಥೆಯೂ ಒಂದೇ ಬಾಗಿಲಲ್ಲಿ ಬಂದು ಹೋಗುತ್ತಿದ್ದವು. ಮಂಗಳೂರಿನ ಹೆಸರನ್ನು ಭೂಪಟದಲ್ಲಿ ತೋರಿಸಲಾರದ ಹಳ್ಳಿಯ ಮುದುಕಿಯೊಬ್ಬಳು ಅಲ್ಲಿಯ ಶಾಲೆಯ ಮಕ್ಕಳಿಗಾಗಿ ಪ್ರಾರ್ಥಿಸಿದುದು ಸಾಧಾರಣ ಸಂಗತಿಯಲ್ಲ. ಆ ಕಾಣಿಕೆಯ ಹಿಂದಿದ್ದ ಶ್ರದ್ಧೆಯನ್ನು ಹಗುರವಾಗಿ ಕಾಣುವುದು ವಿಮರ್ಶಕನಿಗೆ ಸಲ್ಲದು.

೩

ಈಗ ವರದಿಯನ್ನು ನೋಡೋಣ. ಮಿಶನರಿಗಳು ತಮ್ಮ ಕೆಲಸದ ವಿವರವನ್ನು ನಿಯತವಾಗಿ ಬಾಸೆಲಿಗೆ ಕಳುಹಿಸಬೇಕೆಂಬುದು ಕಟ್ಟುಪಾಡು. ಮಿಶನರಿಯ ವಿವಾಹಕ್ಕೂ ಸಮಿತಿಯ ಅಪ್ಪಣೆ ಬೇಕಾಗಿದ್ದ ಸಂಸ್ಥೆ ಅದು. ಬರವಣಿಗೆಯಲ್ಲಿ ಮಾತ್ರ ಸಡಿಲವಿದ್ದೀತೆ? ಬಂದ ಕಾಗದಗಳಿಂದ ಬೇಕಾದುದನ್ನು ಆಯ್ದು, ತಿದ್ದಿ, ೧೮೧೬ರಲ್ಲಿ ಆರಂಭವಾದ ಮಿಶನ್ ಪತ್ರಿಕೆಯಲ್ಲಿಯೂ ೧೮೨೮ರಲ್ಲಿ ಆರಂಭವಾದ ‘ಎವಾಂಗೆಲಿಶರ್ ಹೈಡೆನ್‌ಬೋಟೆ’ ಎಂಬ ಪತ್ರಿಕೆಯಲ್ಲಿಯೂ ಅಚ್ಚು ಹಾಕಿಸುತ್ತಿದ್ದರು. ಎರಡನೆಯ ಪತ್ರಿಕೆಯ ಹೆಸರೇ ವಿಚಾರಾರ್ಹವಾಗಿದೆ. ‘ಹೈಡೆನ್’ ಎಂದರೆ ಕ್ರಿಸ್ತನನ್ನು ಅರಿಯದ ಜನ. ‘ಬೋಟೆ’ ಎಂದರೆ ದೂತ. ಇವನು ಆ ಜನರ ಸುದ್ದಿಯನ್ನು ತರುವ ದೂತನೇ ಹೊರತು ಆ ಜನ ಕಳುಹಿಸಿದ ದೂತನಲ್ಲ.

ಇದಲ್ಲದೆ, ಮಂಗಳೂರಿನಿಂದ ಇಂಗ್ಲಿಷ್ ಭಾಷೆಯ ವಾರ್ಷಿಕ ವರದಿಗಳೂ ಹೊರಡುತ್ತಿದ್ದವು. ಕಂಪನಿಯ ಸೇವೆಯಲ್ಲಿದ್ದ ಆಂಗ್ಲ ಅಧಿಕಾರಿಗಳಲ್ಲಿ ಮಿಶನ್ನಿಗೆ ನೆರವಾಗುವವರಿದ್ದರು. ಮೋಗ್ಲಿಂಗರ ‘ಬಿಬ್ಲಿಯೋಥಿಕಾ ಕರ್ನಾಟಕಾ’ ಗ್ರಂಥಮಾಲೆಗೆ ಕ್ಯಾಸಮೇಜರ್ ಎಂಬ ಆಂಗ್ಲ ನ್ಯಾಯಾಧೀಶರ ಧನಸಹಾಯ ದೊರೆತುದು ಪ್ರಸಿದ್ಧ. ಅಂತಹ ದಾತೃಗಳಿಗೆ ಜರ್ಮನ್ ಹಳ್ಳಿಗರಿಗೆ ಹೇಳಿದಂತೆ ಹೇಳಿದರೆ ಸಾಲದು. ಅಲ್ಲಿ ಶಾಲೆ, ಕೈಗಾರಿಕೆ, ಸುವ್ಯವಸ್ಥೆಗಳ ಮಾತು ಮುಂದೆ ಬರುತ್ತದೆ. ವಿಷಯ ಒಂದೇ, ಓದುಗನು ಬದಲಾದೊಡನೆ ಒತ್ತು ಬದಲಾಗುತ್ತದೆ. ನಮ್ಮ ವಾದಕ್ಕೆ ಇದೇ ಮೊದಲನೆಯ ಸಾಕ್ಷಿ.

ಮನೆಯ ಸಭೆಗಳಿಗಾಗಿ ಬರೆದ ವರದಿಯ ರೂಪದಲ್ಲಿ ಮೂರು ಅಂಗಗಳು ಮತ್ತೆ ಮತ್ತೆ ಕಾಣುತ್ತವೆ. ಮೊದಲನೆಯದು ಕತ್ತಲೆಯ ಚಿತ್ರ: ಜಾತ್ರೆ, ರಥ, ಭೂತದ ಕೋಲ, ಜನಜಂಗುಳಿ. ಎರಡನೆಯದು ಒಂಟಿ ಆತ್ಮದ ಕಥೆ: ಈ ಜಂಗುಳಿಯಿಂದ ಬೇರ್ಪಟ್ಟು ಬಂದ ಒಬ್ಬ ಹುಡುಗ, ಒಬ್ಬ ವಿಧವೆ, ಒಬ್ಬ ಮುದುಕ. ಮೂರನೆಯದು ಕೊರತೆ: ಶಾಲೆಗೆ ಮಾಡು ಬೇಕು, ಉಪದೇಶಿಗೆ ಸಂಬಳ ಬೇಕು, ಪ್ರಾರ್ಥನೆ ಬೇಕು. ಕತ್ತಲೆಯಿಲ್ಲದಿದ್ದರೆ ಕಾಣಿಕೆ ಅನವಶ್ಯಕವೆನಿಸುತ್ತದೆ. ಒಂಟಿ ಆತ್ಮದ ಕಥೆಯಿಲ್ಲದಿದ್ದರೆ ಕಾಣಿಕೆ ವ್ಯರ್ಥವೆನಿಸುತ್ತದೆ. ಕೊರತೆಯನ್ನು ಹೇಳದಿದ್ದರೆ ಕಾಣಿಕೆ ನಿಲ್ಲುತ್ತದೆ. ಕೆಲಸ ಪೂರ್ತಿಯಾಯಿತೆಂದು ಹೇಳುವಂತಿಲ್ಲ, ಕೈಗೂಡಲಿಲ್ಲವೆಂದೂ ಹೇಳುವಂತಿಲ್ಲ. ಈ ಎರಡರ ನಡುವಣ ಇಕ್ಕಟ್ಟಿನ ದಾರಿಯಲ್ಲಿ ವರದಿಯು ನಡೆಯಬೇಕು. ಇದನ್ನು ಕಪಟವೆಂದು ಕರೆಯಲು ನಾವು ಒಪ್ಪುವುದಿಲ್ಲ. ಬರೆದವರಲ್ಲಿ ಅನೇಕರು ತಾವು ಬರೆದುದನ್ನು ನಂಬಿದ್ದರು. ಕೆಲವರು ಅದಕ್ಕಾಗಿ ಇಲ್ಲಿಯೇ ಮಣ್ಣಾದರು. ದೋಷವಿರುವುದು ಬರೆದವನ ಮನಸ್ಸಿನಲ್ಲಲ್ಲ, ರೂಪದಲ್ಲಿ.

ಆ ದೋಷವೇನು? ವರದಿಯು ಯಾರನ್ನು ಕುರಿತು ಬರೆಯಲ್ಪಟ್ಟಿತೋ ಅವರು ಅದನ್ನು ಓದುವುದಿಲ್ಲವೆಂಬ ಭರವಸೆಯ ಮೇಲೆ ಅದು ನಿಂತಿದೆ. ಓದಲಾರದವನು ‘ಇದು ಹಾಗಲ್ಲ’ ಎನ್ನಲಾರ. ಮಂಗಳೂರಿನ ಬಿಲ್ಲವ ಕುಟುಂಬವೊಂದು ಕ್ರೈಸ್ತವಾದಾಗ ಅದರ ಮನೆಯೊಳಗೆ ನಡೆದ ಚರ್ಚೆ, ಬಂಧುಗಳ ಕಣ್ಣೀರು, ಹೋಗಲೋ ಬೇಡವೋ ಎಂಬ ತೊಳಲಾಟ, ಇವು ವರದಿಗೆ ಬರುವಾಗ ಕತ್ತಲೆಯಿಂದ ಬೆಳಕಿಗೆ ಬಂದ ಒಂದು ಸರಳರೇಖೆಯಾಗುತ್ತವೆ.

ಜರ್ಮನ್ ಮಾತನಾಡುವ ನಾಡುಗಳ ಅನೇಕ ಸಭೆಗಳಲ್ಲಿಯೂ ಶಾಲೆಗಳಲ್ಲಿಯೂ ಬಹುಕಾಲ ಒಂದು ಬಗೆಯ ಕಾಣಿಕೆಡಬ್ಬಿ ಇತ್ತು. ಅದರ ಮೇಲೆ ಮೊಣಕಾಲೂರಿ ಕುಳಿತ ಕಪ್ಪು ಬಣ್ಣದ ಮಗುವಿನ ಬೊಂಬೆ. ನಾಣ್ಯ ಹಾಕಿದೊಡನೆ ಬೊಂಬೆ ತಲೆಯಾಡಿಸಿ ವಂದಿಸುತ್ತಿತ್ತು. ಸ್ವಿಸ್ ಮಕ್ಕಳು ಆ ತಲೆಯಾಟವನ್ನು ನೋಡುವುದಕ್ಕಾಗಿಯೇ ನಾಣ್ಯ ಹಾಕುವರು. ಮಿಶನ್ ವರದಿಯ ದೌರ್ಬಲ್ಯವನ್ನು ತಿಳಿಯಲು ಈ ಬೊಂಬೆಗಿಂತ ಬೇರೆ ವ್ಯಾಖ್ಯಾನ ಬೇಕಿಲ್ಲ. ಕೊಟ್ಟವನಿಗೆ ಒಂದು ತಲೆಯಾಟ ಬೇಕು. ವರದಿಯು ಅದನ್ನು ಒದಗಿಸುತ್ತದೆ. ಆಫ್ರಿಕದ ಮಗುವೂ ಮಂಗಳೂರಿನ ಮಗುವೂ ಅಲ್ಲಿ ಒಂದೇ ಬೊಂಬೆಯಾಗುತ್ತವೆ.

೪

ಇದೇ ಮಿಶನರಿಗಳು ಕನ್ನಡ ಓದುಗನಿಗಾಗಿ ಬರೆದಾಗ ಆದುದೇನು? ‘ಮಂಗಳೂರ ಸಮಾಚಾರ’ವು ಕಲ್ಲಚ್ಚಿನಲ್ಲಿ ಮುದ್ರಿತವಾಗಿ ಪಕ್ಷಕ್ಕೊಮ್ಮೆ ಹೊರಡುತ್ತಿತ್ತು, ಮರುವರ್ಷ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು. ಅದನ್ನು ಓದುಗನು ಬೆಲೆ ಕೊಟ್ಟು ಕೊಳ್ಳಬೇಕು, ಹಿಡಿಸದಿದ್ದರೆ ಬಿಡಬಹುದು. ಆದುದರಿಂದ ಅದರಲ್ಲಿ ಊರ ವರ್ತಮಾನ ಬಂದಿತು, ಸರಕಾರದ ಕಾನೂನು ಬಂದಿತು, ಕಥೆ ಬಂದಿತು, ದಾಸರ ಪದವೂ ಬಂದಿತು. ವರದಿಯ ‘ಜಂಗುಳಿ’ಯು ಇಲ್ಲಿ ಕಾಸು ಕೊಟ್ಟು ಸುದ್ದಿ ಕೇಳುವ, ತನ್ನ ಬುದ್ಧಿಯನ್ನು ತಾನೇ ಉಳ್ಳ ಓದುಗವರ್ಗವಾಯಿತು. ಜುಲೈ ೧ನ್ನು ಇಂದು ಕನ್ನಡ ಪತ್ರಿಕಾ ದಿನವೆಂದು ಆಚರಿಸುವಾಗ ನಾವು ನೆನೆಯುವುದು ಆ ಓದುಗನನ್ನೂ ಹೌದು.

‘ದಾಸರ ಪದಗಳು’ ಇನ್ನೂ ಸೋಜಿಗದ ಸಂಗತಿ. ವಿಠಲನ ಭಕ್ತರ ಹಾಡುಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವನು ಕ್ರೈಸ್ತ ಮಿಶನರಿ. ‘ವಾರವಾರವೂ ನೀವು ಕೊಟ್ಟ ಹಣದಿಂದ ಬದುಕುವ ನಮ್ಮ ಸೋದರನು ವಿಷ್ಣುವಿನ ಹಾಡುಗಳನ್ನು ಅಚ್ಚು ಮಾಡಿಸಿದ್ದಾನೆ’ ಎಂಬ ಸುದ್ದಿಯು ಹಳ್ಳಿಯ ಹಿತೈಷಿಗೆ ರುಚಿಸುವ ಬಗೆಯದಲ್ಲ. ಕತ್ತಲೆ, ಒಂಟಿ ಆತ್ಮ, ಕೊರತೆ ಎಂಬ ಮೂರರಲ್ಲಿ ಯಾವುದಕ್ಕೂ ಅದು ಹೊಂದುವುದಿಲ್ಲ.

ಕಿಟ್ಟೆಲರ ನಿಘಂಟಿನಲ್ಲಿ ಈ ವ್ಯತ್ಯಾಸವು ಪರಾಕಾಷ್ಠೆಗೆ ಹೋಗಿದೆ. ೧೮೫೩ರಲ್ಲಿ ಭಾರತಕ್ಕೆ ಬಂದ ಕಿಟ್ಟೆಲರು ಸುಮಾರು ೭೦,೦೦೦ ಪದಗಳ ಈ ಗ್ರಂಥವನ್ನು ಮುಗಿಸುವ ವೇಳೆಗೆ ಮುದುಕರಾಗಿದ್ದರು. ಅದರ ಯಾವ ಪುಟವನ್ನು ತೆರೆದರೂ ಸಾಕ್ಷಿಗಳ ಗುಂಪೇ ಎದುರಾಗುತ್ತದೆ. ಕೇಶಿರಾಜನ ಸೂತ್ರ, ಬಸವಪುರಾಣದ ಪ್ರಯೋಗ, ಜೈಮಿನಿ ಭಾರತದ ಪ್ರಯೋಗ, ದಾಸರ ಪದ, ಇವಕ್ಕೆ ಒಂದೊಂದು ಸಂಕೇತಾಕ್ಷರ. ಗಾದೆಗೆ ಬೇರೆಯೇ ಸಂಕೇತ. ಮೈಸೂರಿನ ರೂಢಿಗೆ ಒಂದು, ದಕ್ಷಿಣ ಮರಾಠಾ ಸೀಮೆಯ, ಎಂದರೆ ಧಾರವಾಡದ ಕಡೆಯ, ರೂಢಿಗೆ ಮತ್ತೊಂದು. ಇಲ್ಲಿ ಬರೆಯುವವನು ತಾನು ಕಂಡದ್ದನ್ನು ಹೇಳಿ ಮುಗಿಸುವಂತಿಲ್ಲ. ಶಬ್ದವೊಂದರ ಅರ್ಥಕ್ಕೆ ಕವಿಯನ್ನು ಕೇಳಬೇಕು, ಒಕ್ಕಲಿಗನನ್ನು ಕೇಳಬೇಕು, ಅವರ ಮಾತಿಗೆ ತಲೆಬಾಗಬೇಕು. ವರದಿಯಲ್ಲಿ ಕನ್ನಡಿಗನು ವರ್ಣನೆಗೆ ವಸ್ತುವಾಗಿದ್ದರೆ ನಿಘಂಟಿನಲ್ಲಿ ಅವನೇ ಪ್ರಮಾಣನಾಗಿದ್ದಾನೆ.

೫

ಇಷ್ಟು ಹೇಳಿದ ಮೇಲೆ ಎರಡು ಆಕ್ಷೇಪಗಳನ್ನು ಎದುರಿಸಬೇಕಾಗಿದೆ.

ನಿಘಂಟು ಮೊದಲಾದುವೂ ಮತಪ್ರಚಾರದ ಸಾಧನಗಳೇ ಅಲ್ಲವೇ ಎಂಬುದು ಮೊದಲನೆಯದು. ಹೌದು. ಉಪದೇಶಕ್ಕೂ ಭಾಷಾಂತರಕ್ಕೂ ಒಳ್ಳೆಯ ಕೋಶ ಬೇಕೆಂಬ ಉದ್ದೇಶವಿಲ್ಲದಿದ್ದರೆ ಮಿಶನ್ ಸಂಸ್ಥೆಯೊಂದು ಇಷ್ಟು ದೊಡ್ಡ ಕೆಲಸಕ್ಕೆ ತನ್ನ ಮನುಷ್ಯನನ್ನು ಬಿಟ್ಟುಕೊಡುತ್ತಿರಲಿಲ್ಲ. ಕಿಟ್ಟೆಲರೇ ೧೮೬೨ರ ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ ಹಾಡಿದವರು. ಆದರೆ ಉದ್ದೇಶವು ಬೇರೆ, ಕೃತಿಯ ಶಿಸ್ತು ಬೇರೆ. ತನ್ನ ವಿಷಯವಾದ ಜನರ ಪರೀಕ್ಷೆಗೆ ತನ್ನನ್ನು ಒಡ್ಡಿಕೊಂಡ ಕೃತಿಯು ಬರೆದವನ ಉದ್ದೇಶವನ್ನು ಮೀರಿ ಬೆಳೆಯುತ್ತದೆ.

ಹಾಗಾದರೆ ವರದಿಗಳು ನಿಷ್ಪ್ರಯೋಜಕವೇ ಎಂಬುದು ಎರಡನೆಯದು. ಖಂಡಿತವಾಗಿಯೂ ಅಲ್ಲ. ಕಥೆಯ ಎಳೆ ಸಡಿಲವಾದಲ್ಲೆಲ್ಲ ಅವುಗಳಲ್ಲಿ ನಿಜವು ಇಣುಕುತ್ತದೆ. ವಿಶೇಷವಾಗಿ ಜೀವನೋಪಾಯದ ಪ್ರಶ್ನೆ ಬಂದಾಗ. ಬಿಲ್ಲವರ ಕಸುಬಾದ ಮೂರ್ತೆಗಾರಿಕೆಯನ್ನು, ಎಂದರೆ ಕಳ್ಳು ಇಳಿಸುವುದನ್ನು, ಮಿಶನ್ನು ಒಪ್ಪಲಿಲ್ಲ. ಕ್ರೈಸ್ತನಾದವನು ಅದನ್ನು ಬಿಡಬೇಕು. ಮತಾಂತರದಿಂದ ಪಿತ್ರಾರ್ಜಿತದ ಹಕ್ಕು ಹೋಗಕೂಡದೆಂದು ೧೮೫೦ರಲ್ಲಿ ಶಾಸನವಾಯಿತೇನೋ ನಿಜ. ಆದರೆ ಕುಲದಿಂದ ಹೊರಬಿದ್ದವನಿಗೆ ಕಾಗದದ ಹಕ್ಕು ಊಟವಿಕ್ಕುವುದಿಲ್ಲ. ಆದುದರಿಂದ ವ್ಯವಸಾಯ, ನೇಯ್ಗೆ, ಮುದ್ರಣ ಮುಂತಾದ ಪ್ರಯತ್ನಗಳು ನಡೆದು, ಕೊನೆಗೆ ೧೮೬೫ರಲ್ಲಿ ಗಿಯೋರ್ಗ್ ಪ್ಲೆಬ್‌ಸ್ಟರ ನೇತೃತ್ವದಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಎದ್ದಿತು. ಆತ್ಮದ ಕಥೆಯನ್ನು ಕೇಳಲು ಕುಳಿತ ಓದುಗನಿಗೆ ಕೂಲಿ, ಮಣ್ಣು, ಆವೆಗೆಗಳ ಲೆಕ್ಕವನ್ನು ಹೇಳಬೇಕಾಗಿ ಬಂದಾಗ ವರದಿಯ ಭಾಷೆ ತಾನೇ ತಾನಾಗಿ ಬಿಗಿಯಾಗುತ್ತದೆ, ನಂಬತಕ್ಕದ್ದಾಗುತ್ತದೆ.

ಒಂದು ವಿಶೇಷ ಸಂದರ್ಭವನ್ನು ಇಲ್ಲಿ ಹೇಳಲೇಬೇಕು. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಕುಟುಂಬದ ಆನಂದರಾವ್ ಕೌಂಡಿನ್ಯರು ೧೮೪೪ರಲ್ಲಿ ಕ್ರೈಸ್ತರಾದರು. ಬಾಸೆಲಿಗೆ ಹೋಗಿ ಅಲ್ಲಿಯ ಮಿಶನ್ ವಿದ್ಯಾಲಯದಲ್ಲಿ ಓದಿ ೧೮೫೧ರಲ್ಲಿ ಮಿಶನರಿಯಾಗಿಯೇ ಮರಳಿದರು. ಬಾಸೆಲಿನ ಜನಕ್ಕೆ ಅವರು ಸ್ವತಃ ಒಂದು ವರದಿ. ಕಣ್ಣೆದುರಿಗೆ ನಿಂತ ಸಾಕ್ಷ್ಯ. ಮರಳಿದ ಮೇಲೆ ಅವರೂ ತಮ್ಮ ನಾಡಿನ ವಿಷಯವಾಗಿ ಬಾಸೆಲಿಗೆ ಬರೆಯಬೇಕಾದವರಾದರು. ‘ಈ ಜನರು’ ಎಂದು ವರದಿಯಲ್ಲಿ ಬರೆಯುವಾಗ ಅವರ ಲೇಖನಿ ಎಲ್ಲಿ ನಿಂತಿರಬೇಕು? ‘ನಾವು’ ಎಂಬ ಪದಕ್ಕೆ ಅವರಲ್ಲಿ ಅರ್ಥವೇನು? ಮಿಶನ್ ವರದಿಯೆಂಬ ಪ್ರಕಾರವು ಉತ್ತರಿಸಲಾರದ ಪ್ರಶ್ನೆಯಿದು. ಏಕೆಂದರೆ ವರ್ಣಿಸುವವನೂ ವರ್ಣಿತನೂ ಒಬ್ಬನೇ ಆಗಬಹುದೆಂದು ಅದು ಎಣಿಸಿಯೇ ಇರಲಿಲ್ಲ. ಕೌಂಡಿನ್ಯರ ಬರಹಗಳನ್ನು ಈ ದೃಷ್ಟಿಯಿಂದ ಯಾರಾದರೂ ಸಮಗ್ರವಾಗಿ ಕನ್ನಡದಲ್ಲಿ ಪರಿಶೀಲಿಸುವುದು ಅಪೇಕ್ಷಣೀಯ.

೬

೧೯೧೪ರ ಮಹಾಯುದ್ಧವು ಈ ಪ್ರಕಾರಕ್ಕೆ ಬಲವಾದ ಪೆಟ್ಟು ಕೊಟ್ಟಿತು. ಜರ್ಮನ್ ಮಿಶನರಿಗಳು ಬಂಧನಕ್ಕೊಳಗಾಗಿ ದೇಶವನ್ನು ಬಿಡಬೇಕಾಯಿತು. ಹಂಚು, ನೇಯ್ಗೆಯ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ವಶವಾದವು. ಮಿಶನರಿಗಳು ಮುಂದೆ ಮರಳಿ ಬಂದರಾದರೂ ಹಿಂದಿನ ಸ್ಥಿತಿ ಮರಳಲಿಲ್ಲ. ೧೯೪೭ರಲ್ಲಿ ದಕ್ಷಿಣ ಭಾರತ ಸಭೆ ಏರ್ಪಟ್ಟಾಗ ಮಂಗಳೂರಿನ ಕಡೆಯ ಸಭೆಗಳು ಅದನ್ನು ಸೇರಿದವು. ಬಾಸೆಲ್ ಮಿಶನ್ ತಾನೂ ೨೦೦೧ರಲ್ಲಿ ಬೇರೆ ಸಂಸ್ಥೆಗಳೊಡನೆ ಕೂಡಿ ‘ಮಿಶನ್ ೨೧’ ಎಂಬ ಹೊಸ ಸಂಸ್ಥೆಯ ಅಂಗವಾಯಿತು.

ಈಗ ಕರಾವಳಿಯ ಸಭೆಯೊಂದರಲ್ಲಿ ಬೆಳೆಯ ಹಬ್ಬ ನಡೆಯುವುದನ್ನು ನೋಡಬೇಕು. ಸಭಿಕರು ಬಾಳೆಗೊನೆ, ತೆಂಗಿನಕಾಯಿ, ಕುಂಬಳ, ಕೋಳಿ, ಮನೆಯಲ್ಲಿ ಮಾಡಿದ ತಿಂಡಿಗಳನ್ನು ತಂದೊಪ್ಪಿಸುತ್ತಾರೆ; ಆರಾಧನೆಯಾದ ಮೇಲೆ ಅಂಗಳದಲ್ಲಿ ಏಲಂ ನಡೆಯುತ್ತದೆ. ತಾನು ತಂದ ಕಾಯಿಯನ್ನು ನೆರೆಯವನು ಬೆಲೆಯೇರಿಸಿ ಕೊಳ್ಳುವುದನ್ನು ಕಂಡು ನಗುತ್ತ, ನೆರೆಯವನ ಕುಂಬಳವನ್ನು ತಾನು ಕೊಳ್ಳುತ್ತಾನೆ. ಬಂದ ಹಣದ ಲೆಕ್ಕವನ್ನು ಸಭೆಗೆ ಒಪ್ಪಿಸುವಾಗ ಅದನ್ನು ಓದುವುದು ಕನ್ನಡದಲ್ಲಿ, ಕೊಟ್ಟವರ ಎದುರಿನಲ್ಲಿ. ತಪ್ಪಿದ್ದರೆ ಅಲ್ಲಿಯೇ ಎದ್ದುನಿಂತು ಕೇಳಬಹುದು. ಇದೂ ಕಾಣಿಕೆಯ ವರದಿಯೇ. ಆದರೆ ಇಲ್ಲಿ ಕೊಡುವವರೂ, ಯಾರ ವಿಷಯವಾಗಿ ವರದಿಯಿದೆಯೋ ಅವರೂ, ಓದುಗರೂ ಒಬ್ಬರೇ ಆಗಿದ್ದಾರೆ. ಇದಕ್ಕೆ ಕತ್ತಲೆಯ ಚಿತ್ರ ಬೇಕಿಲ್ಲ.

೭

ಕೊನೆಯದಾಗಿ, ಈ ವಿಚಾರದಿಂದ ನಮ್ಮ ಸಾಹಿತ್ಯಚರಿತ್ರೆಗೆ ಪ್ರಾಪ್ತವಾಗುವುದೇನು? ನಾವು ನಿಘಂಟನ್ನು ಹೊಗಳಿ ವರದಿಯನ್ನು ಮರೆತಿದ್ದೇವೆ. ಇದರಿಂದ ಇಬ್ಬರಿಗೆ ಅನ್ಯಾಯವಾಗಿದೆ. ಒಂದನೆಯವರು, ವಾರವಾರವೂ ಐದು ರಾಪೆನ್ ಕೊಟ್ಟ ಆ ಹಳ್ಳಿಯ ಜನ. ಕಿಟ್ಟೆಲರ ಅಗ್ಗಳಿಕೆಯನ್ನು ಕೊಂಡಾಡುವಾಗ, ಅವರನ್ನು ದಶಕಗಳ ಕಾಲ ಪೋಷಿಸಿದ ಸಂಸ್ಥೆಯು ಕನ್ನಡದ ಒಂದಕ್ಷರವನ್ನೂ ಅರಿಯದವರ ಸಣ್ಣ ನಾಣ್ಯಗಳಿಂದಲೂ ನಡೆದುದೆಂಬುದನ್ನು ನೆನೆಯುವವರಿಲ್ಲ. ತಮ್ಮ ನಾಣ್ಯದಿಂದ ಕೇಶಿರಾಜನೂ ಪುರಂದರದಾಸರೂ ಅಚ್ಚುಮನೆಗೆ ಬಂದರೆಂಬುದು ಆ ಜನಕ್ಕೆ ತಿಳಿದಿದ್ದೀತೆಂದು ತೋರುವುದಿಲ್ಲ. ತಿಳಿಸಲು ವರದಿಯಲ್ಲಿ ಸ್ಥಳವಿರಲಿಲ್ಲ.

ಎರಡನೆಯವರು ಇಲ್ಲಿಯ ಮೊದಲ ಕ್ರೈಸ್ತ ಕುಟುಂಬಗಳವರು. ವರದಿಯಲ್ಲಿ ಅವರು ನಿದರ್ಶನಗಳಾಗಿ ಬಂದು ಹೋದರು. ಅಚ್ಚುಕೂಟದಲ್ಲಿ ಮೊಳೆ ಜೋಡಿಸಿದವರು, ಶಾಲೆಗಳಲ್ಲಿ ಪಾಠ ಹೇಳಿದವರು, ಹಂಚು ಸುಟ್ಟವರು ಅವರಲ್ಲಿದ್ದರು. ಆದರೂ ಬಾಸೆಲಿನ ಪುಟಗಳಲ್ಲಿ ಅವರು ಕತ್ತಲೆಯಿಂದ ಬಂದವರು, ನಮ್ಮ ಸಾಹಿತ್ಯಚರಿತ್ರೆಯ ಪುಟಗಳಲ್ಲಿ ಇಲ್ಲವೇ ಇಲ್ಲ. ಅವರ ಮೊಮ್ಮಕ್ಕಳ ಮೊಮ್ಮಕ್ಕಳು ಇಂದು ತಮ್ಮ ಮನೆತನದ ಮೂಲವನ್ನು ಅರಸಿಕೊಂಡು ಹೋದರೆ ಸಿಗುವುದು ಬಹುಶಃ ಜರ್ಮನ್ ಲಿಪಿಯ ಒಂದು ಕಾಗದ; ಅದರಲ್ಲಿ ಅವರ ಅಜ್ಜಿಯು ಅತ್ತಳೆಂದಿರುತ್ತದೆ, ಏನು ಹೇಳಿ ಅತ್ತಳೆಂದಿರುವುದಿಲ್ಲ.

ಈ ವರದಿಗಳನ್ನು ಕನ್ನಡಕ್ಕೆ ತರುವುದು ನಮ್ಮ ವಿಶ್ವವಿದ್ಯಾಲಯಗಳ ಕರ್ತವ್ಯವೆಂದು ನಾವು ಭಾವಿಸುತ್ತೇವೆ. ಸ್ತುತಿಗಾಗಿ ಅಲ್ಲ, ಆರೋಪಕ್ಕಾಗಿಯೂ ಅಲ್ಲ. ಯಾರ ವಿಷಯವಾಗಿ ಅವು ಬರೆಯಲ್ಪಟ್ಟವೋ ಅವರ ಭಾಷೆಯಲ್ಲಿ, ಅವರ ಊರಿನಲ್ಲಿ, ಅವರ ವಂಶದವರ ಎದುರಿಗೆ ಅವುಗಳನ್ನು ಒಮ್ಮೆ ಓದಬೇಕು. ‘ಇದು ಹೀಗಿತ್ತು’, ‘ಇದು ಹಾಗಲ್ಲ’ ಎಂದು ಹೇಳುವ ಅವಕಾಶವು ತಡವಾಗಿಯಾದರೂ ಅವರಿಗೆ ದೊರೆಯಬೇಕು. ಅಲ್ಲಿಯವರೆಗೆ ಅರೆಬಾಟ್ಸೆನ್ ಕಾಣಿಕೆಯ ಲೆಕ್ಕವು ಒಪ್ಪಿಸಿ ಮುಗಿಯಿತೆಂದು ಹೇಳಲಾಗದು.